ಮುಚ್ಚಳ ತೆಗೆದ ಪ್ಲೇಯರು

ಭಾನುವಾರ, ಊಟವಾದ ಮೇಲೆ

ಒಂಟಿ ಕುರ್ಚಿಯ ಯಜಮಾನರಿಗೆ,

ನಮಸ್ಕಾರ. ನಿಮ್ಮ ಕಾಗದ ಬಂತು. ಓದಿದೆ, ನಕ್ಕೆ, ಸಿಟ್ಟು ಬಂತು, ಮತ್ತೆ ಓದಿದೆ. ಫೋನಿನಲ್ಲೇ ಉತ್ತರ ಹೇಳೋಣವೆಂದರೆ ನೀವು ನನ್ನ ಮಾತನ್ನು ಅರ್ಧಕ್ಕೇ ತುಂಡು ಮಾಡುತ್ತೀರಿ. ಕಾಗದದಲ್ಲಿ ಆ ಆಟ ನಡೆಯುವುದಿಲ್ಲ, ಕೊನೆತನಕ ಓದಲೇಬೇಕು. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನೀವು ಬರೆದದ್ದರ ಸಾರ ಇಷ್ಟು. ನಿಮ್ಮ ಅಮ್ಮ ನಿಮ್ಮ ಅಕ್ಕನ ಮನೆಗೆ ಹೋಗಿದ್ದಾರೆ. ಅವರು ತಿರುಗಿ ಬರುವಷ್ಟರಲ್ಲಿ ನಾನು ಬಂದು ಏನೂ ಆಗಿಲ್ಲವೆಂಬಂತೆ ಮನೆಯಲ್ಲಿರಬೇಕು. ಇಲ್ಲವೆಂದರೆ ಜತೆಗಿಟ್ಟಿರುವ ವಿಚ್ಛೇದನದ ಅರ್ಜಿಗೆ ಸಹಿ ಹಾಕಿ ಕಳಿಸಬೇಕು. ಕೊನೆಯಲ್ಲಿ ಒಂದು ಒಗ್ಗರಣೆ ಬೇರೆ: ‘ಯಾವುದೋ ತಗಡಿನ ಡಬ್ಬಿ ತಂದಿಟ್ಟುಕೊಂಡಿದ್ದೀಯಂತೆ, ಅದರಲ್ಲಿ ಎಷ್ಟು ದಿನ ಹಾಡು ಕೇಳ್ತೀಯೋ ನೋಡೋಣ.’ ಉಳಿದದ್ದನ್ನೆಲ್ಲ ಹೇಗೋ ನುಂಗಿಕೊಂಡೆ. ಆ ಒಂದು ಸಾಲಿಗೆ ಮಾತ್ರ ಪಿತ್ತ ನೆತ್ತಿಗೇರಿತು. ಆದ್ದರಿಂದ ಮೊದಲು ಡಬ್ಬಿಯ ವಿಷಯ, ಸಂಸಾರದ್ದು ಆಮೇಲೆ.

ನನ್ನ ಸಿ.ಡಿ. ಪ್ಲೇಯರ್ ಅಗ್ಗದ್ದೇ, ಒಪ್ಪಿದೆ. ಹಳೇ ಸಾಮಾನಿನ ಅಂಗಡಿಯಲ್ಲಿ ಕೆಟ್ಟ ಫ್ಯಾನುಗಳ ಕೆಳಗೆ ಬಿದ್ದುಕೊಂಡಿತ್ತು. ಎಷ್ಟು ಹಗುರವೆಂದರೆ, ಬಟನ್ ಒತ್ತಿದರೆ ತಟ್ಟೆ ಹೊರಗೆ ಬರುವ ಬದಲು ಪ್ಲೇಯರೇ ಹಿಂದಕ್ಕೆ ಸರಿಯುತ್ತಿತ್ತು. ಮನೆಗೆ ತಂದು ಹಾಕಿ ನೋಡಿದರೆ ಹಾಡುವವಳಿಗೆ ನೆಗಡಿ, ಪಿಟೀಲಿಗೆ ಹಲ್ಲುನೋವು. ನೀವಾಗಿದ್ದರೆ ಅಲ್ಲೇ ಬಿಸಾಡಿ ಕೈತೊಳೆದುಕೊಳ್ಳುತ್ತಿದ್ದಿರಿ. ನಾನು ಸ್ಕ್ರೂಡ್ರೈವರ್ ತಂದೆ.

ಯಾಕೆಂದು ಕೇಳುತ್ತೀರಾ? ನಿಮ್ಮ ಹಾಡಿನ ಕೋಣೆಯನ್ನೊಮ್ಮೆ ನೆನಪು ಮಾಡಿಕೊಳ್ಳಿ. ಗೋಡೆಗೆಲ್ಲ ಸ್ಪಂಜು, ಕಿಟಕಿಗೆ ಎರಡು ಪದರ ಪರದೆ, ಟೇಪು ಹಿಡಿದು ಅಳೆದು ಇಟ್ಟ ಒಂದೇ ಒಂದು ಕುರ್ಚಿ. ಎರಡನೆಯದು ಇಟ್ಟರೆ ದನಿ ಕೆಡುತ್ತದೆಂದಿರಿ. ಸರಿ ಎಂದು ಇಷ್ಟು ವರ್ಷವೂ ನಾನು ಬಾಗಿಲಾಚೆಗೇ ಕೇಳಿದೆ. ಬಾಗಿಲಾಚೆಗೆ ಏನು ಕೇಳುತ್ತದೆ ಗೊತ್ತೇ? ಧಡ್ ಧಡ್ ಅಷ್ಟೇ, ಪಕ್ಕದ ಮನೆಯವರು ಗೋಡೆ ಒಡೆಸುತ್ತಿರುವಂತೆ. ಕೊನೆಗೆ ನೀವಿಲ್ಲದ ಒಂದು ದಿನ ಹೋಗಿ ಆ ಕುರ್ಚಿಯಲ್ಲಿ ಕೂತೆ. ಹಾಡು ಕೂಡ ಹಾಕಿರಲಿಲ್ಲ, ಸುಮ್ಮನೆ ಕೂತಿದ್ದೆ. ದಿಂಬಿನ ತಗ್ಗು ನೋಡಿಯೇ ಕಂಡುಹಿಡಿದಿರಿ. ಮಾರನೆಯ ದಿನ ಬಾಗಿಲಿಗೆ ಬೀಗ ಬಿತ್ತು. ಬೇರೆ ಮನೆಗಳಲ್ಲಿ ಕಳ್ಳರಿಗೆ ಬೀಗ ಹಾಕುತ್ತಾರೆ, ನೀವು ಹೆಂಡತಿಗೆ ಹಾಕಿದಿರಿ. ನಾನು ಮನೆ ಬಿಟ್ಟದ್ದು ಅದಕ್ಕೆ. ನಿಮ್ಮ ಅಕ್ಕನ ಹತ್ತಿರ ‘ಅವಳಿಗೆ ಸಂಗೀತ ಅಂದ್ರೆ ಆಗಲ್ಲ’ ಎಂದು ಹೇಳಿಕೊಂಡು ತಿರುಗಿದ್ದು ಸಾಕು, ಇನ್ನು ನಿಲ್ಲಿಸಿ.

ನಾನೀಗ ಇರುವ ಬಾಡಿಗೆ ಕೋಣೆಯ ಕೆಳಗಿನ ಅಂಗಡಿಯಲ್ಲಿ ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವ ಹೆಂಗಸೊಬ್ಬರಿದ್ದಾರೆ. ಬೀದಿಗೆಲ್ಲ ಅವರು ರಿಪೇರಿ ಅಕ್ಕ. ತಂತಿ ಬೆಸೆಯುವ ಸೋಲ್ಡರಿಂಗ್ ಐರನ್ ಕೊಡಿ ಎಂದು ಹೋದರೆ ನನ್ನ ಕೈಯನ್ನೇ ಹಿಡಿದು ನೋಡಿ, ‘ನಡುಗಲ್ಲ, ಪರವಾಗಿಲ್ಲ, ತಗೊಂಡು ಹೋಗಿ. ಸುಟ್ಟುಕೊಂಡ್ರೆ ನನ್ನ ಮೇಲೆ ಹೇಳ್ಬೇಡಿ’ ಎಂದರು. ನಡುಗುವುದು ಹೇಗೆ ಹೇಳಿ? ಹಲ್ಲಿನ ಡಾಕ್ಟರ ಪಕ್ಕ ನಿಂತು ದಿನವಿಡೀ ಜನರ ಬಾಯೊಳಗೆ ಲೈಟು ಬಿಡುವವಳು ನಾನು. ಇಕ್ಕಟ್ಟಿನ ಜಾಗದಲ್ಲಿ ಕೈಯಾಡಿಸುವುದೇ ನನ್ನ ಅನ್ನ. ಅದೇ ಕೈಯನ್ನು ನೀವು ಒರಟು ಕೈ ಎಂದು ಡಿಸ್ಕುಗಳ ಕಪಾಟಿನಿಂದ ದೂರವಿಟ್ಟಿರಿ.

ಮೊದಲ ಸಲ ಎಡವಟ್ಟಾಯಿತು, ಮುಚ್ಚಿಡುವುದೇನು. ಒಳಗೆ ಕರೆಂಟನ್ನು ಸಮ ಮಾಡಿಕೊಡುವ ಕೆಪ್ಯಾಸಿಟರುಗಳು ಹಳತಾಗಿ ತಲೆ ಉಬ್ಬಿಸಿಕೊಂಡಿದ್ದವು. ಅವನ್ನು ಕಿತ್ತು ಒಳ್ಳೆಯವು ಹಾಕಬೇಕಿತ್ತು. ಮೂಲೆಯೊಂದು ಕಾಣದೇ ಹೋದಾಗ ಅಭ್ಯಾಸಬಲ, ಬ್ಯಾಗಿನಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದು ಅದರಲ್ಲಿ ನೋಡಿಕೊಂಡೇ ಕೂರಿಸಿದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆ. ಬಾಯಲ್ಲಾದರೆ ಅದು ನನಗೆ ನೀರು ಕುಡಿದಷ್ಟು ಸಲೀಸು, ಇಲ್ಲಿ ಮಾತ್ರ ಮರೆತೇಬಿಟ್ಟೆ. ಪ್ಲಸ್ ಇರಬೇಕಾದಲ್ಲಿ ಮೈನಸ್ ಕೂತಿತು. ಸ್ವಿಚ್ ಹಾಕಿದ್ದೇ ತಡ, ಢಂ! ಕೋಣೆಯೆಲ್ಲ ಹೊಗೆ, ಸುಟ್ಟ ಮೀನಿನ ವಾಸನೆ. ರಿಪೇರಿ ಅಕ್ಕ ಮೆಟ್ಟಿಲು ಹತ್ತಿ ಓಡಿಬಂದು ನೋಡಿ, ನಾನು ಬದುಕಿದ್ದೇನೆಂದು ಖಾತ್ರಿ ಮಾಡಿಕೊಂಡು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಿಮ್ಮ ಮನೆಯಲ್ಲಿ ಏನಾದರೂ ಕೆಟ್ಟರೆ ಯಾರೂ ನಗುವುದಿಲ್ಲ ಎಂದು ಆಗ ಹೊಳೆಯಿತು.

ಎರಡನೆಯ ಸಲ ಸರಿಯಾಯಿತು. ಆಮೇಲೆ ಮುಚ್ಚಳದ ಸರದಿ. ಡಿಸ್ಕ್ ತಿರುಗಿದಾಗೆಲ್ಲ ಆ ತಗಡು ಕಿರಿಕಿರಿ ಎನ್ನುತ್ತಿತ್ತು. ಕ್ಲಿನಿಕ್ಕಿನಲ್ಲಿ ಹಲ್ಲಿನ ಅಚ್ಚು ತೆಗೆಯುವ ಪುಟ್ಟಿಯ ಡಬ್ಬವೊಂದು ತಾರೀಖು ಮೀರಿ ಕಸಕ್ಕೆ ಹೊರಟಿತ್ತು. ಡಾಕ್ಟರನ್ನು ಕೇಳಿ ತಂದೆ. ರೊಟ್ಟಿಯ ಹಾಗೆ ತಟ್ಟಿ ಮುಚ್ಚಳದ ಒಳಗೆ ಮೆತ್ತಿದೆ, ಡಿಸ್ಕ್ ತಿರುಗಿಸುವ ಭಾಗದ ಸುತ್ತಲೂ ಒತ್ತಿದೆ. ಈಗ ಬೆರಳಲ್ಲಿ ತಟ್ಟಿದರೆ ಮರದ ಹಲಗೆ ತಟ್ಟಿದಂತಿದೆ. ಡಾಕ್ಟರು ದಿನವೂ ‘ಏನಮ್ಮ, ನಿಮ್ಮ ಪೇಷಂಟ್ ಅಗೀತಾ ಇದೆಯಾ?’ ಎಂದು ವಿಚಾರಿಸುತ್ತಾರೆ.

ಇನ್ನೊಂದು ಕೆಲಸವನ್ನು ನಿಮಗೆ ಬಿಡಿಸಿಯೇ ಹೇಳಬೇಕು. ಹಾಡು ಹೊರಗೆ ಹೋಗುವ ದಾರಿಯಲ್ಲಿ ಎರಡು ಪುಟ್ಟ ಟ್ರಾನ್ಸಿಸ್ಟರುಗಳಿರುತ್ತವೆ. ಅವುಗಳ ಕೆಲಸ ಬಾಯಿ ಮುಚ್ಚಿಸುವುದು. ಪ್ಲೇಯರ್ ಹಾಕುವಾಗ, ಆರಿಸುವಾಗ ಟಪ್ ಎಂಬ ಸದ್ದು ಮರ್ಯಾದಸ್ಥರ ಕಿವಿಗೆ ಬೀಳದಿರಲಿ ಎಂದು ಕಾವಲಿಟ್ಟಿದ್ದಾರೆ. ಸದ್ದೇನೋ ತಡೆಯುತ್ತವೆ, ಜತೆಗೆ ಹಾಡನ್ನೂ ಒಂದಿಷ್ಟು ತಿನ್ನುತ್ತವೆ. ಎರಡನ್ನೂ ಕಿತ್ತುಹಾಕಿದೆ. ಈಗ ಸ್ವಿಚ್ ಹಾಕಿದಾಗಲೆಲ್ಲ ಟಪ್ ಎನ್ನುತ್ತದೆ. ಎನ್ನಲಿ! ನನ್ನ ಮನೆ, ನನ್ನ ಸದ್ದು.

ಈಗ ಹೇಗಿದೆ ಗೊತ್ತೇ? ನಾನು ಯಾವಾಗಲೂ ಹಾಕುವ ಹಳೆಯ ಹಾಡೊಂದರಲ್ಲಿ ಹಿಂದೆ ದನಿಗೂಡಿಸುವವಳು ಒಬ್ಬಳೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಮೂವರಿದ್ದಾರೆ ಕಣ್ರೀ! ಒಬ್ಬಳಂತೂ ಪ್ರತಿ ಸಾಲಿಗೂ ಕೂದಲೆಳೆಯಷ್ಟು ತಡವಾಗಿ ಸೇರಿಕೊಳ್ಳುತ್ತಾಳೆ, ಮನೆಗೆಲಸ ಮುಗಿಸಿ ಓಡಿಬಂದವಳಂತೆ. ಕೇಳಿ ನನಗೆ ಅಳು ಬಂತು. ಸೊಪ್ಪು ಬಿಡಿಸುತ್ತಾ, ಬಟ್ಟೆ ಮಡಚುತ್ತಾ, ಕೋಣೆಯ ಯಾವ ಮೂಲೆಯಲ್ಲಿದ್ದರೂ ಕೇಳುತ್ತೇನೆ. ನಿಮ್ಮ ಮಷೀನಿಗಿಂತ ನನ್ನದು ಮೇಲೆಂದು ಹೇಳುತ್ತಿಲ್ಲ. ನಿಮ್ಮದು ಹೇಗಿದೆಯೆಂದು ನನಗೆ ಗೊತ್ತಾಗುವಂತೆ ನೀವು ನಡೆದುಕೊಳ್ಳಲಿಲ್ಲವಲ್ಲ.

ಇನ್ನು ಸಂಸಾರದ ಮಾತು. ನಾನು ಬರುವುದಿಲ್ಲ. ಸಹಿಯನ್ನೂ ಹಾಕುವುದಿಲ್ಲ. ‘ಎರಡರಲ್ಲಿ ಒಂದು ಆರಿಸ್ಕೋ’ ಎಂದು ಅಂಗಡಿಯವರು ಕೇಳಬೇಕು, ಗಂಡನಲ್ಲ. ನಿಮ್ಮ ಮೇಲೆ ನನಗೆ ಪ್ರೀತಿ ಹೋಗಿದೆಯೇ ಎಂದರೆ, ಹೋಗಿಲ್ಲ, ಅದೇ ಹಾಳಾದ್ದು. ನಿಮ್ಮ ಕೆಮ್ಮು ಬಾಗಿಲಾಚೆಗೆ ಕೇಳಿದರೂ ಎದ್ದು ನೀರು ಕಾಯಿಸಿದವಳು ನಾನು. ಆದರೆ ಪ್ರೀತಿಯಿದೆಯೆಂದು ಬೀಗ ಹಾಕಿದ ಬಾಗಿಲ ಮುಂದೆ ಮತ್ತೆ ಬಂದು ನಿಲ್ಲಲಾರೆ. ನನ್ನನ್ನು ಬಿಡಬೇಕೆಂದಿದ್ದರೆ ಎದುರಿಗೆ ಬಂದು ಬಾಯಿಬಿಟ್ಟು ಹೇಳಿ. ಕರೆದುಕೊಂಡು ಹೋಗಬೇಕೆಂದಿದ್ದರೆ ಮೊದಲು ಆ ಬೀಗ ತೆಗೆಯಿರಿ, ಆಮೇಲೆ ಬನ್ನಿ. ಆಗಲೂ ನಾನು ಹೂಂ ಎನ್ನುತ್ತೇನೆಂದು ಮಾತು ಕೊಡಲಾರೆ. ಕೂತು ಯೋಚಿಸುತ್ತೇನೆ. ಅಷ್ಟು ಹೊತ್ತು ನೀವು ಬಾಗಿಲಾಚೆ ಕಾಯಬೇಕಾಗಿಲ್ಲ, ಒಳಗೇ ಬಂದು ನೆಲದ ಮೇಲೆ ಕೂರಬಹುದು.

ಅರ್ಜಿಯನ್ನು ವಾಪಸು ಕಳಿಸುತ್ತಿಲ್ಲ. ಅದರ ಹಿಂದಿನ ಖಾಲಿ ಜಾಗದಲ್ಲಿ ಪ್ಲೇಯರಿಗೆ ಮುಂದೆ ಮಾಡಬೇಕಿರುವ ಪವರ್ ಸಪ್ಲೈಯ ಚಿತ್ರ ಬರೆದುಕೊಂಡಿದ್ದೇನೆ. ಕಾಗದ ಗಟ್ಟಿಯಾಗಿದೆ, ಚೆನ್ನಾಗಿದೆ.

ಇಂತಿ,
ಇವತ್ತಿನವರೆಗಂತೂ ನಿಮ್ಮ ಹೆಂಡತಿ

ಮತ್ತೊಂದು ಮಾತು: ಇದನ್ನು ಬರೆಯುವುದು ಬೇಡವೆಂದುಕೊಂಡಿದ್ದೆ. ಬರೆಯಲೇಬೇಕೆಂದು ಪಕ್ಕದಲ್ಲಿ ಕೂತು ಮೊಣಕೈಯಲ್ಲಿ ತಿವಿಯುತ್ತಿದ್ದಾರೆ. ಅತ್ತೆ ನಿಮ್ಮ ಅಕ್ಕನ ಮನೆಯಲ್ಲಿಲ್ಲ. ಬುಧವಾರದಿಂದ ಇಲ್ಲೇ ನನ್ನ ಜತೆ ಇದ್ದಾರೆ, ಬಸ್ಸು ಹತ್ತಿಸಿದ್ದು ನಿಮ್ಮ ಅಕ್ಕನೇ. ‘ಊಟಕ್ಕೆ ಬಾ ಅಂತ ಆ ಬಾಗಿಲು ತಟ್ಟೀ ತಟ್ಟೀ ನನಗೆ ಕೈ ನೋವು ಬಂತು, ಇನ್ಮೇಲೆ ಅವನೇ ಬಂದು ತಟ್ಟಲಿ. ಸೊಸೆ ಆ ಮನೆಗೆ ಬಂದ ದಿನ ನಾನೂ ಬರ್ತೀನಿ, ಅಲ್ಲೀವರೆಗೆ ಇಲ್ಲ’ ಎಂದು ಬರೆಯಲು ಹೇಳುತ್ತಿದ್ದಾರೆ, ಬರೆದಿದ್ದೇನೆ. ಅವರಿಗೂ ಒಂದು ಅರ್ಜಿ ಕಳಿಸುವುದಿದ್ದರೆ ವಿಳಾಸ ಇದೇ.