ಅಮ್ಮ ಕದಿಯದ ಉಪ್ಪು

ಮಾರ್ಚ್ ೧೪, ಶುಕ್ರವಾರ

ಪ್ರೀತಿಯ ಮೊಂಡಿ,

ನಿನ್ನ ಕಾಗದ ಬಂದು ಇಪ್ಪತ್ತು ದಿನವಾಯಿತು. ಪುರುಸೊತ್ತಾಗಲಿಲ್ಲ ಎಂದರೆ ಸುಳ್ಳಾದೀತು. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಫೋನಿನಲ್ಲಿ ಹೇಳಲು ನನ್ನಿಂದಾಗದು. ನೀನು ಮಧ್ಯೆ ಬಾಯಿ ಹಾಕುತ್ತೀ, ನಾನು ರೇಗುತ್ತೇನೆ, ವಿಷಯ ಎಲ್ಲೋ ಹೋಗುತ್ತದೆ. ಅಮ್ಮ ಪಕ್ಕದಲ್ಲಿದ್ದರೆ ಅವಳಿಗೂ ಓದಿ ಹೇಳು, ಕನ್ನಡಕ ಹುಡುಕಿಸಬೇಡ.

ಅವಳ ಕಾಲಿನ ಬಾವು ಹನ್ನೆರಡೇ ದಿನದಲ್ಲಿ ಇಳಿಯಿತೆಂದು ಬರೆದಿದ್ದೀಯ. "ಇಲ್ಲಿ ಉಪ್ಪಿನ ಡಬ್ಬಿ ಕಡೆ ತಿರುಗಿಯೂ ನೋಡಿಲ್ಲ ಅಕ್ಕ, ಅಲ್ಲಿ ಮಾತ್ರ ಹೇಗೆ ಕದೀತಿದ್ಲು?" ಎಂದು ಕೇಳಿದ್ದೀಯ. ಓದಿ ಮೈ ಉರಿಯಿತು. ಮಾತ್ರೆ, ಆಸ್ಪತ್ರೆ ಎಂದು ಎರಡು ವರ್ಷ ಓಡಾಡಿದವಳು ನಾನು, ಹನ್ನೆರಡು ದಿನಕ್ಕೆ ಹೆಸರು ತೆಗೆದುಕೊಳ್ಳುವವಳು ನೀನು ಅನ್ನಿಸಿತು.

ಹೃದಯ ಸೋತಿದೆ, ಉಪ್ಪು ಮುಟ್ಟಿಸಬೇಡಿ ಎಂದು ಡಾಕ್ಟರ್ ಹೇಳಿದ ದಿನದಿಂದ ಅವಳಿಗೆ ಬೇರೆ ಪಾತ್ರೆಯಲ್ಲಿ ಸಪ್ಪೆ ಅಡುಗೆ. ಮೊದಲ ವರ್ಷ ಹೇಗೋ ಸುಧಾರಿಸಿದಳು. ಆಮೇಲೆ ಬಾವು ಏರುತ್ತಲೇ ಹೋಯಿತು. "ಅಜ್ಜಿ ಕದ್ದುಮುಚ್ಚಿ ತಿಂತಿರಬೇಕು, ಒಂದು ಕಣ್ಣಿಟ್ಟಿರಿ" ಎಂದರು ಡಾಕ್ಟರ್. ಇಟ್ಟೆ. ದಿಂಬಿನ ಕೆಳಗೆ, ಬಟ್ಟೆಯ ಮಡಿಕೆಗಳಲ್ಲಿ ಹುಡುಕಿದೆ. ಏನೂ ಸಿಗದಾಗ, ಎಷ್ಟು ಜಾಣೆ ನೋಡು ಎಂದುಕೊಂಡೆ. ಕೊನೆಗೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದೆ.

"ನಾನು ಮುಟ್ಟಿಲ್ಲ ಕಣೇ" ಎಂದಳು.

"ಹಾಗಾದ್ರೆ ಕಾಲು ಸುಮ್ಸುಮ್ನೆ ಊದ್ಕೊಳ್ತಾ?" ಎಂದೆ.

ನಿನಗೂ ಚಾಡಿ ಹೇಳಿದೆ. ನೀನು ಫೋನಿನಲ್ಲಿ ಅವಳಿಗೆ ಬೈದ ಮರುದಿನವೇ ಬ್ಯಾಗು ತುಂಬಿಕೊಂಡು ನಿನ್ನಲ್ಲಿಗೆ ಹೊರಟಳು. ಯಾರು ಬೈದರೋ ಅವರ ಮನೆಗೇ ಹೋದಳೆಂದರೆ ಇಲ್ಲಿ ಎಷ್ಟು ನೊಂದಿರಬೇಕು, ಯೋಚಿಸು.

ಕಳೆದ ಸೋಮವಾರ, ನೀರಿನ ಸಾಫ್ಟ್‌ನರ್ ಕೂರಿಸಿದ್ದ ಫಿಟ್ಟರ್ ಸರ್ವಿಸಿಗೆ ಬಂದಿದ್ದ. ನಮ್ಮ ಬೋರ್ ನೀರಿನ ಯೋಗ್ಯತೆ ನಿನಗೆ ಗೊತ್ತಲ್ಲ. ಸೋಪು ನೊರೆ ಬರದು, ಗೀಸರಿನ ಕಾಯಿಲ್ ವರ್ಷಕ್ಕೊಂದು, ಮಗಳ ಕೂದಲೆಲ್ಲ ಬಾಚಣಿಗೆಯಲ್ಲಿ. ನೀರಿನ ಗಡಸು ತೆಗೆಯಲೆಂದೇ ಹಿಂದಿನ ವರ್ಷ ಟೆರೇಸಿನಲ್ಲಿ ಆ ಯಂತ್ರ ಕೂರಿಸಿದ್ದು. ಅಮ್ಮ ಕಾಣುತ್ತಿಲ್ಲವಲ್ಲ ಎಂದು ಫಿಟ್ಟರ್ ಕೇಳಿದ. ಹೃದಯ, ಬಾವು, ಸಪ್ಪೆ ಊಟ, ಎಲ್ಲ ಹೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಅಡುಗೆಮನೆ ನಲ್ಲಿಗೂ ಇದೇ ನೀರು ಮೇಡಂ. ಈ ಮೆಷಿನ್ನು ನೀರಲ್ಲಿರೋ ಸುಣ್ಣ ತೆಗೆದು, ಅದರ ಜಾಗಕ್ಕೆ ಉಪ್ಪಿನ ಸೋಡಿಯಂ ಬಿಡುತ್ತೆ. ನಾಲಿಗೆಗೆ ಗೊತ್ತಾಗಲ್ಲ. ನಿಮ್ಮ ನೀರು ಗಡಸು ಜಾಸ್ತಿ, ಹಾಗಾಗಿ ಅದೂ ಜಾಸ್ತಿ. ಅಂಥವರು ಕುಡಿಯೋ ಹಾಗಿಲ್ಲ."

ಅವಳ ಗಂಜಿ, ಟೀ, ಮಾತ್ರೆ ನುಂಗಲು ಕೊಟ್ಟ ಲೋಟ, ಎಲ್ಲವೂ ಆ ನಲ್ಲಿಯದೇ. ಡಾಕ್ಟರಿಗೆ ಫೋನ್ ಮಾಡಿ ಹೇಳಿದೆ. "ನೀರಿನ ವಿಷಯ ನಾನೂ ಕೇಳ್ಬೇಕಿತ್ತು" ಎಂದರು. ಕಪಾಟಿಗೆ ಬೀಗ ಜಡಿದ ಕೈಯಲ್ಲೇ, ತಿಂಗಳು ತಿಂಗಳೂ ಮೂಟೆ ಬಿಚ್ಚಿ ಯಂತ್ರದ ತೊಟ್ಟಿಗೆ ಉಪ್ಪು ಸುರಿದವಳು ನಾನು.

ನಿನ್ನ ಭಾವ ಫಿಟ್ಟರನ್ನು ಹಿಗ್ಗಾಮುಗ್ಗಾ ಬೈದರು. "ಕುಡಿಯೋ ನೀರಿನ ನಲ್ಲಿಗೆ ಈ ನೀರು ಕೊಡ್ಬಾರ್ದು ಅನ್ನೋದು ನಿಂಗೆ ಗೊತ್ತಿರ್ಲಿಲ್ವಾ?" ಅವನು ತಲೆ ತಗ್ಗಿಸಿ ನಿಂತಿದ್ದ, ತುಟಿ ಪಿಟಕ್ಕೆನ್ನಲಿಲ್ಲ. ಮರುದಿನ ಬಂದು ಅಡುಗೆಮನೆಗೆ ಬೋರಿನ ಲೈನ್ ಬೇರೆಯಾಗಿ ಎಳೆದುಕೊಟ್ಟು ಹೋದ.

ಅಮ್ಮ, ನೀನು ಕದ್ದಿಲ್ಲ. ನಿನ್ನ ಮೇಲೆ ಕಳ್ಳತನ ಹೊರಿಸಿದ ಪಾಪಿ ನಾನು. ಹೃದಯ ಇನ್ನಷ್ಟು ಸೋತಿದೆ, ಇನ್ನು ಪ್ರಯಾಣ ಬೇಡ ಎಂದು ಅಲ್ಲಿಯ ಡಾಕ್ಟರ್ ಹೇಳಿದರಂತೆ. ಹಾಗಾಗಿ ವಾಪಸ್ಸು ಬಾ ಎನ್ನುವುದಿಲ್ಲ. ನಾನೇ ಬರುತ್ತೇನೆ, ನೀನು ಬಾ ಎಂದರೆ ಮಾತ್ರ.

ಮೊಂಡಿ, ಅವಳು ಏನನ್ನುತ್ತಾಳೋ ಹಾಗೇ ಬರೆ, ಸಕ್ಕರೆ ಸವರಬೇಡ. ಮಕ್ಕಳು ಚೆನ್ನಾಗಿರಲಿ. ಅವಳನ್ನು ನೋಡಿಕೊಳ್ಳುತ್ತಿರುವ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ
ಅಕ್ಕ

ತಾ.ಕ.: ಇದನ್ನು ನೀನೊಬ್ಬಳೇ ಓದು. ಫಿಟ್ಟರ್ ಕೇಳಿದ್ದ. ಯಂತ್ರ ಕೂರಿಸಿದ ದಿನವೇ, "ಮನೇಲಿ ಬಿಪಿ, ಹಾರ್ಟ್ ತೊಂದ್ರೆ ಇರೋರು ಯಾರಾದ್ರೂ ಇದ್ದಾರಾ ಮೇಡಂ? ಇದ್ರೆ ಅಡುಗೆಮನೆಗೆ ಬೇರೆ ಲೈನ್ ಎಳೀಬೇಕು, ಟೈಲ್ಸ್ ಒಡೀಬೇಕಾಗುತ್ತೆ" ಎಂದಿದ್ದ. ಆ ಟೈಲ್ಸ್ ಹಾಕಿಸಿ ತಿಂಗಳೂ ಆಗಿರಲಿಲ್ಲ. ಯಾಕೆ ಎಂದೂ ಕೇಳದೆ, "ಅಂಥವರು ಯಾರೂ ಇಲ್ಲ" ಎಂದುಬಿಟ್ಟೆ. ಅಮ್ಮ ಅಲ್ಲೇ ಸ್ಟೂಲಿನ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ತಲೆಯೆತ್ತಿ ನನ್ನನ್ನೇ ನೋಡಿದಳು. ಆಮೇಲೆ ಮತ್ತೆ ಸುಲಿಯತೊಡಗಿದಳು.

ಇದನ್ನು ಅವಳಿಗೆ ಹೇಳಬೇಡ ಎಂದು ಬರೆಯಲು ಹೊರಟಿದ್ದೆ. ಹೇಳುವುದೇನಿದೆ, ಈ ಮನೆಯಲ್ಲಿ ತಾನು ಯಾರೂ ಅಲ್ಲ ಎಂದು ಅವಳು ಅಂದೇ ಕೇಳಿಸಿಕೊಂಡಿದ್ದಾಳೆ.