ನಾಲ್ಕನೇ ನಂಬರಿನ ಅವ್ವ

ಮರೋವೊ
ಸೆಪ್ಟೆಂಬರ್ ೯, ಸೋಮವಾರ

ಪ್ರೀತಿಯ ನೋಲಿನ್,

ಅವ್ವನ ಕೈಬರಹ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ನಿನ್ನಪ್ಪ ಮೀನಿಗೆ ಹೋಗಿದ್ದಾರೆ. ನಾನು ಬೆಳಗ್ಗೆಯಿಂದ ಚಾಪೆ ನೇಯಲು ಕೂರುತ್ತೇನೆ, ಎದ್ದು ಕಡಲ ತನಕ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ. ನೇಯ್ದದ್ದೆಲ್ಲ ಸೊಟ್ಟ. ಹೊನಿಯಾರಾದಿಂದ ಬಂದಾಗಿನಿಂದ ಹೀಗೇ. ಹೌದು, ನೀನಿರುವ ಪಟ್ಟಣಕ್ಕೇ, ಹೊನಿಯಾರಾಕ್ಕೆ, ನಾನು ಬಂದಿದ್ದೆ. ನಿನಗೆ ತಿಳಿಸಲಿಲ್ಲ.

ಕಣ್ಣು ತೋರಿಸಲೆಂದು ಬಂದು ನಿನ್ನ ಎಸ್ತರ್ ಚಿಕ್ಕಮ್ಮನ ಮನೆಯಲ್ಲಿ ಉಳಿದೆ. ಆಗಸ್ಟಿನ ಕೊನೆಯ ಶನಿವಾರ, ನಮ್ಮ ದೇವರ ದಿನವಲ್ಲವೇ, ಅವಳ ಜೊತೆ ಚರ್ಚಿಗೂ ಹೋದೆ. ಪ್ರಾರ್ಥನೆಯ ನಡುವೆ ಹಿಂದಿನ ಬೆಂಚಿನ ಹುಡುಗಿಯರಿಬ್ಬರು ಪಿಸುಗುಟ್ಟಿದರು: "ಇವತ್ತು ಲೀಗಿನ ಕೊನೇ ಮ್ಯಾಚ್ ಕಣೇ. ಸೋಲದಿದ್ರೆ ಸಾಕು, ಕಪ್ ನಮ್ದೇ. ನೋಲಿನ್ ಆಡ್ತಾಳಂತೆ." ಆಮೇಲೆ ಪಾಸ್ಟರು ಹೇಳಿದ್ದು ಒಂದೂ ಕಿವಿಗೆ ಬೀಳಲಿಲ್ಲ. ತಲೆನೋವೆಂದು ಎಸ್ತರಿಗೆ ಸುಳ್ಳು ಹೇಳಿ ಎದ್ದೆ. ಮನೆಗೇ ಹೊರಟಿದ್ದು. ಕಾಲು ಮೈದಾನದ ಕಡೆ ತಿರುಗಿತು.

ನೀನು ಕೊಬ್ಬರಿ ಒಣಗಿಸುವ ಗೂಡಿನ ಹಿಂದೆ ಅಣ್ಣಂದಿರ ಜೊತೆ ಚೆಂಡು ಒದೆಯುತ್ತಿದ್ದಾಗ ನಾನು ಕೋಲು ಹಿಡಿದು ಬರುತ್ತಿದ್ದೆ. ಗಿಜೊದ ಶಾಲೆಯ ತಂಡ, ಹೊನಿಯಾರಾದ ಕ್ಲಬ್ಬು, ಆಮೇಲೆ ದೇಶದ ತಂಡ, ಸುವಾ, ಪೋರ್ಟ್ ಮೋರ್ಸ್‌ಬಿಯ ಪಂದ್ಯಗಳು, ಇದೆಲ್ಲ ನೀನು ಅಪ್ಪನಿಗೆ ಬರೆದ ಕಾಗದಗಳಿಂದ ನನಗೆ ಗೊತ್ತು. ದೇವರ ದಿನ ಆಡುವ ಮಗಳ ಜೊತೆ ನನಗೆ ಮಾತಿಲ್ಲ ಎಂದಿದ್ದೆನಲ್ಲ. ಕಾಗದ ಬಂದಾಗ ನಿನ್ನಪ್ಪ ಗಟ್ಟಿಯಾಗಿ ಓದುವರು. ನಾನು ಒಲೆಯ ಮುಂದೆ ಕೇಳಿಸದವಳಂತೆ ಇರುವೆ. ನೀನು ಆಡುವುದನ್ನು ಮಾತ್ರ ಇಷ್ಟು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಗುಡ್ಡದ ಇಳಿಜಾರಿನಲ್ಲಿ, ಜನರ ನಡುವೆ, ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿದು ಕುಳಿತೆ. ಪಕ್ಕದಲ್ಲಿ ಅಡಿಕೆ ಜಗಿಯುತ್ತಿದ್ದ ಮಲೈಟಾ ದ್ವೀಪದ ಹೆಂಗಸು. ಎಲ್ಲರೂ ಚೆಂಡಿನ ಹಿಂದೆ ಓಡುತ್ತಿದ್ದರೆ ನೀನೊಬ್ಬಳು ಹಿಂದೆ ನಿಂತು ಕೈ ಬೀಸಿ ಕೂಗುತ್ತಿದ್ದೆ. "ಆ ಹುಡುಗಿ ಏನ್ ತಪ್ಪು ಮಾಡಿದ್ಲು? ಒಬ್ಬಳನ್ನೇ ಹಿಂದೆ ನಿಲ್ಲಿಸಿದಾರಲ್ಲ?" ಎಂದು ಕೇಳಿದೆ. ಅವಳು ಕೆಂಪು ಹಲ್ಲು ತೋರಿಸಿ ನಕ್ಕಳು. "ಅಯ್ಯೋ ಅಕ್ಕಾ, ಯಾವ ದ್ವೀಪದಿಂದ ಬಂದ್ರಿ? ಅವಳು ಡಿಫೆಂಡರ್. ಅವಳಿದ್ರೆ ಗೋಲ್ ಕೀಪರ್ ನಿದ್ದೆ ಹೊಡೀಬೋದು."

ಹೆಮ್ಮೆಯಾಯಿತು ಎಂದು ನಾನು ಬರೆಯುವುದಿಲ್ಲ. ಛತ್ರಿಯನ್ನು ಸ್ವಲ್ಪ ಮೇಲೆತ್ತಿದೆ, ಅಷ್ಟೆ.

ನಿಮ್ಮವರು ಒಂದು ಗೋಲು ಹೊಡೆದು ಮುಂದಿದ್ದರು. ಆಗ ನೀನು ಜಾರಿದೆ. ಚೆಂಡು ಎದುರಿನವಳ ಕಾಲಿಗೆ ಸಿಕ್ಕಿ ಗೋಲಾಯಿತು. ಸಮ ಸಮ. ಇಡೀ ಗುಡ್ಡವೇ ನಿನ್ನನ್ನು ಬೈಯಿತು. ಹೊಗಳಿದ್ದ ಹೆಂಗಸೇ ಎದ್ದು ನಿಂತು ಕೂಗಿದಳು: "ಏ ನಾಲ್ಕನೇ ನಂಬರು! ಹೋಗೇ, ಮನೆಗೋಗಿ ಗೆಣಸು ಅಗೆ! ನೆಟ್ಟಗೆ ನಿಲ್ಲೋದನ್ನೂ ಕಲಿಸಿಲ್ವೇನೇ ನಿಮ್ಮವ್ವ?"

ನನಗೆ ಏನಾಯಿತೋ ಕಾಣೆ. "ನಿಲ್ಲೋದನ್ನ ಕಲಿಸಿದ್ದು ನಾನೇ ಕಣೇ! ಅಲೆ ಮೇಲೆ, ದೋಣಿ ತುದೀಲಿ ನಿಂತು ಕಲಿತವಳು ಅವಳು. ನೀನು ನಿಂತು ತೋರ್ಸು, ನೋಡೋಣ!" ಎಂದುಬಿಟ್ಟೆ.

ಅವಳ ಬಾಯಲ್ಲಿದ್ದ ಅಡಿಕೆ ಕೆಳಗೆ ಬಿತ್ತು. ಮರುಕ್ಷಣವೇ, "ಲೋ, ಇಲ್ನೋಡ್ರೋ! ನಾಲ್ಕನೇ ನಂಬರಿನ ಅವ್ವ ಇಲ್ಲೇ ಕೂತವ್ಳೆ!" ಎಂದು ಅರಚಿದಳು. ಜನರೆಲ್ಲ ತಿರುಗಿದರು. ಕೆಳಗಿನ ಸಾಲಿನಲ್ಲಿ ಕುಳಿತಿದ್ದ ಹಾರ್ವಿಯೂ ತಿರುಗಿದ, ನಮ್ಮೂರ ಪಾಸ್ಟರ ಭಾವಮೈದ! ಒಬ್ಬರನ್ನೊಬ್ಬರು ಕಂಡೇ ಇಲ್ಲವೆಂಬಂತೆ ಇಬ್ಬರೂ ಮುಖ ತಿರುಗಿಸಿಕೊಂಡೆವು.

ಕೊನೆಯಲ್ಲಿ ಆ ಹೊಡೆತ. ಗೋಲ್ ಕೀಪರ್ ಆಗಲೇ ಬಿದ್ದಿದ್ದಳು. ಗೋಲಿನ ಗೆರೆಯ ಮೇಲೆ ನಿಂತು ನೀನು ಮುಖವನ್ನೇ ಒಡ್ಡಿದೆ. ಚೆಂಡು ಬಡಿದ ಸದ್ದು ಗುಡ್ಡದ ಮೇಲಕ್ಕೂ ಕೇಳಿತು. ಬಿದ್ದವಳು ಏಳಲಿಲ್ಲ. ನನ್ನ ಛತ್ರಿ ಎಲ್ಲಿ ಬಿತ್ತೋ. ಆ ಹೆಂಗಸು ನನ್ನ ಕೈ ಬಿಗಿಯಾಗಿ ಹಿಡಿದು, "ಏಳ್ತಾಳೆ ಅಕ್ಕಾ, ಏಳ್ತಾಳೆ" ಎನ್ನುತ್ತಲೇ ಇದ್ದಳು. ಬೆಳಗ್ಗೆ ಚರ್ಚಿನಲ್ಲಿ ಬಾರದ ಪ್ರಾರ್ಥನೆ ಅಲ್ಲಿ ಬಂತು. ನೀನು ಎದ್ದೆ. ಸ್ವಲ್ಪದರಲ್ಲೇ ಆಟ ಮುಗಿದ ಸೀಟಿಯೂ ಕೇಳಿತು.

ಬೇಲಿಯ ತನಕ ಬಂದಿದ್ದೆ, ನೋಲಿನ್. ಮೂಗಿನಿಂದ ರಕ್ತ ಸುರಿಯುತ್ತಿದ್ದರೂ ನೀನು ಕಪ್ ಹಿಡಿದು ನಗುತ್ತಿದ್ದೆ. ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಬಾಯಿ ತೆಗೆದರೆ ಮೊದಲು ಬೈಗುಳವೇ ಬರುತ್ತದೆಂದು ನನಗೆ ಗೊತ್ತಿತ್ತು. ಹಾಗೆಯೇ ತಿರುಗಿ ನಡೆದೆ. ಮರುದಿನ ಹಡಗು ಹತ್ತಿದೆ.

ಮೂಗು ಹೇಗಿದೆ? ತಣ್ಣೀರಿನ ಬಟ್ಟೆ ಇಡು. ಶನಿವಾರ ದೇವರ ದಿನ ಎಂಬ ಮಾತನ್ನು ನಾನು ಈಗಲೂ ಬಿಟ್ಟಿಲ್ಲ. ಇಲ್ಲಿ ಎಲ್ಲ ಎಂದಿನಂತೆಯೇ ಇದೆ.

ನಿನ್ನ ಅವ್ವ,
ಜಿಲ್ಪಾ

ಮರೆತ ಮಾತು: ಎಂದಿನಂತೆ ಇಲ್ಲ. ಹಾರ್ವಿ ಬಾಯಿ ಬಿಡುತ್ತಿರಲಿಲ್ಲ, ನನಗೇ ತಡೆಯಲಾಗಲಿಲ್ಲ. ಮೊನ್ನೆ ಶನಿವಾರ ನಮ್ಮೂರ ಚರ್ಚಿನಲ್ಲಿ ಎದ್ದು ನಿಂತು, ಅವನ ಹೆಸರೆತ್ತದೆ, ಆಟ ನೋಡಿದ ನನ್ನ ತಪ್ಪನ್ನಷ್ಟೇ ಹೇಳಿದೆ. ಪಾಸ್ಟರು ಮೆತ್ತಗೇ, "ಇನ್ನೊಂದ್ಸಲ ಹೋಗಲ್ಲ ಅಂತ ಹೇಳಮ್ಮ ಜಿಲ್ಪಾ, ಅಷ್ಟು ಸಾಕು" ಎಂದರು. ಆ ಮಾತು ಕೊಡದೆ ನನ್ನ ಬೆಂಚಿಗೆ ಹೋಗಿ ಕುಳಿತೆ. ಇಷ್ಟು ವರ್ಷ ನಾನು ನಡೆಸಿದ ಹೆಂಗಸರ ಹಾಡಿನ ಗುಂಪನ್ನು ಈಗ ಬೇರೆಯವಳು ನಡೆಸುತ್ತಾಳೆ. ಮುಂದಿನ ಪಂದ್ಯ ಯಾವಾಗ ಅಂತ ಬರೆ. ಅಪ್ಪನಿಗಲ್ಲ, ನನಗೆ.