ಗಂಗವ್ವ ಹೂಗಾರರ ಹನ್ನೊಂದು ಸೆಕೆಂಡು

ಬೆಟಗೇರಿಯ ದನಿಮನೆಯಿಂದ, ೨೧೮೭ನೇ ಇಸವಿ, ಅಧಿಕ ಶ್ರಾವಣ, ಹದಿಮೂರನೆಯ ಗಾಳಿದಿನ.

ಗದುಗಿನ ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುವ ಪೀರಸಾಬ ನದಾಫರಿಗೆ ಚಂಪಾ ಗಾಣಿಗೇರಳ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದ ಹರಿಯಬೇಡಿ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಮಾತುಗಳೂ ನನ್ನನ್ನು ಐದು ದಿನ ಗೋಳು ಹೊಯ್ದುಕೊಂಡಿವೆ, ಅಲ್ಲಿಗಲ್ಲಿಗೆ ಸರಿಹೋಯಿತು.

ಗಾಳಿದಿನ ಎಂದರೆ ಕಪ್ಪತಗುಡ್ಡದ ಗಾಳಿಗಿರಣಿಗಳು ಊರಿಗೆ ಬೇಕಾದ್ದಕ್ಕಿಂತ ಹೆಚ್ಚು ಕರೆಂಟು ಕೊಡುವ ದಿನ. ಹಳೆಯ ಯಂತ್ರಗಳನ್ನು ಅವತ್ತು ಮಾತ್ರ ಹಚ್ಚಬೇಕೆಂಬುದು ನಮ್ಮಲ್ಲಿ ಕಟ್ಟಳೆ; ಶ್ರಾವಣದಲ್ಲಿ ಅಂಥ ದಿನಗಳು ಸಾಲಾಗಿ ಬರುತ್ತವೆ. ನಾನು ಇಲ್ಲಿಯ ದನಿಮನೆಯಲ್ಲಿ ದನಿ ಬಿಡಿಸುವವಳು. ಸತ್ತ ಕಂಪ್ಯೂಟರುಗಳನ್ನು ಎಬ್ಬಿಸಿ ಒಳಗಿರುವ ದನಿಗಳನ್ನು ಹೊರಗೆ ತೆಗೆಯುವುದು ನನ್ನ ಕೆಲಸ. ಇದು ಹುಚ್ಚು ಹವ್ಯಾಸವೇನಲ್ಲ. ನಮ್ಮ ಕಾಲದಲ್ಲಿ ಕೂಸಿಗೆ ಹೆಸರಿಡುವಾಗ, ಸೋದರತ್ತೆ ಕಿವಿಯಲ್ಲಿ ಕುರ್ರ್ ಅನ್ನುವ ಮೊದಲು, ಆ ಮನೆಯ ಎಲ್ಲಕ್ಕಿಂತ ಹಳೆಯ ದನಿಯನ್ನು ತೊಟ್ಟಿಲ ಪಕ್ಕ ಕೇಳಿಸುತ್ತಾರೆ. ಅದಕ್ಕೆ ಮನೆದನಿ ಎನ್ನುತ್ತೇವೆ. ಮನೆದನಿ ಇಲ್ಲದವರು ನೆರೆಯವರದ್ದನ್ನು ಎರವಲು ತರುತ್ತಾರೆ. ಯಾರೂ ಇಲ್ಲ ಅನ್ನುವುದಿಲ್ಲ, ಆದರೆ ತಂದವರಿಗೆ ಮಾತ್ರ ಅದರ ಸಂಕಟ ಗೊತ್ತು.

ನೀಲವ್ವ ಹೂಗಾರರು ಹಾಗೆ ತಂದವರು. ತೊಂಬತ್ತೊಂದು ವಯಸ್ಸು. ತಮ್ಮ ಮಕ್ಕಳಿಗೆ, ಮೊಮ್ಮಕ್ಕಳಿಗೆ, ಎಲ್ಲರಿಗೂ ಪರರ ಮನೆಯ ದನಿಯಲ್ಲೇ ಹೆಸರಿಟ್ಟಿದ್ದಾರೆ. ಈಗ ಮರಿಮೊಮ್ಮಗಳು ಹುಟ್ಟಿದ್ದಾಳೆ. ಅಟ್ಟದ ಮೇಲೆ ಅರಿವೆ ಸುತ್ತಿಟ್ಟಿದ್ದ ಕಂಪ್ಯೂಟರೊಂದನ್ನು ಗಾಡಿಯಲ್ಲಿ ಹೇರಿಸಿಕೊಂಡು ಬಂದು ನನ್ನ ಮೇಜಿನ ಮೇಲಿಟ್ಟರು. ತಮ್ಮ ಮನೆತನದ ಗಂಗವ್ವ ಅಂಬಾಕಿ ಟೈಪಿಂಗ್ ಸೆಂಟರ್ ಇಟ್ಟಿದ್ದಳಂತೆ, ಇದು ಆಕೆಯದಂತೆ, ಹೆಸರಿಡುವುದಕ್ಕೆ ಐದೇ ದಿನ ಉಳಿದಿದೆಯಂತೆ. ಕಿವಿ ಮಂದವಾಗುತ್ತಿದೆ, ಇನ್ನೊಂದು ಕೂಸಿನ ತನಕ ನಾನು ಕಾಯಲಾರೆ ಎಂದೂ ಹೇಳಿದರು. ನಾನು ಮೂರೇ ದಿನದಲ್ಲಿ ಕೊಡುತ್ತೇನೆ ಎಂದು ಎದೆ ತಟ್ಟಿಕೊಂಡೆ. ನನ್ನ ಬಾಯಿಗೆ ಬುದ್ಧಿ ಇಲ್ಲ.

ಸುಟ್ಟ ಬಿಡಿಭಾಗ ಬದಲಿಸಿದೆ, ಡಿಸ್ಕನ್ನು ಹೊಸದಕ್ಕೆ ನಕಲು ಮಾಡಿದೆ. ಯಂತ್ರ ಎದ್ದಿತು. ನೀವು ಅದನ್ನು ರಿಪೇರಿ ಮಾಡಿಕೊಟ್ಟ ನಂತರ ಯಾರೋ ಡಿಸ್ಕಿನ ಸಿ ಭಾಗ ಅಳಿಸಿ ಎಲ್ಲ ಹೊಸದಾಗಿ ತುಂಬಿದ್ದರು, ಪುಣ್ಯಕ್ಕೆ ಡಿ ಭಾಗ ಉಳಿದಿತ್ತು. ಅಲ್ಲಿ ಮದುವೆ ಪತ್ರಿಕೆ, ಬಾಡಿಗೆ ಕರಾರುಗಳ ನಡುವೆ ಒಂದೇ ಒಂದು ದನಿಯ ಫೈಲು, ಹೆಸರು ಟೆಸ್ಟ್, ಅಳತೆ ಹನ್ನೊಂದು ಸೆಕೆಂಡು. ಒತ್ತಿದರೆ ಸದ್ದಿಲ್ಲ. ಮೂಲೆಯ ಸ್ಪೀಕರ್ ಚಿತ್ರದ ಮೇಲೆ ಕೆಂಪು ಗುರುತು. ಡ್ರೈವರ್ ಇಲ್ಲ ಎಂದು ಗೊತ್ತಾಯಿತು. ಯಂತ್ರಕ್ಕೆ ತನ್ನದೇ ದನಿಚಿಪ್ಪನ್ನು ಹೇಗೆ ಮಾತಾಡಿಸಬೇಕೆಂದು ಹೇಳಿಕೊಡುವ ಆ ಪುಟ್ಟ ಬರಹ ನಿಮಗೆ ದಿನದ ಗಂಜಿ, ನಮಗೆ ಅಪರೂಪದ ವಸ್ತು. ದನಿಮನೆಯ ಕಣಜದಲ್ಲಿ ಅಂಥವು ನಲವತ್ತು ಸಾವಿರ ಇವೆ. ನಾನು ಅಂದಾಜಿನ ಮೇಲೆ ಹತ್ತಿರದ್ದೊಂದು ಹಾಕಿದೆ. ಪರದೆ ನೀಲಿಯಾಗಿ ಯಂತ್ರ ನಿಂತೇಹೋಯಿತು. ಅವತ್ತು ನಾನು ಊಟ ಮಾಡಲಿಲ್ಲ.

ಮರುದಿನ ಪಕ್ಕದ ತಗಡು ಬಿಚ್ಚಿದೆ. ಒಳಬದಿಯಲ್ಲಿ ಮಾರ್ಕರಿನಿಂದ ಬರೆದ ನಿಮ್ಮ ಅಕ್ಷರ: "೧೨-೬-೨೦೦೯. ಸೌಂಡ್ ಬರತಿದ್ದಿಲ್ಲ. ಡ್ರೈವರ್ ಹಾಕೀನಿ. ಚಿಪ್ಪಿನ ನಂಬರ್ ಕೆಳಗೈತಿ. ಅಂದಾಜಿನ ಮ್ಯಾಲೆ ಬ್ಯಾರೇದ ಹಾಕಬ್ಯಾಡ್ರಿ. ಪೀರಸಾಬ ನದಾಫ." ಅಲ್ಲಾ ಸಾಹೇಬರೇ, ನೂರಾ ಎಪ್ಪತ್ತೆಂಟು ವರ್ಷ ಮೊದಲೇ ನನ್ನನ್ನು ಬೈದಿಟ್ಟಿದ್ದೀರಲ್ಲ! ನಾಚಿಕೆಯಾಯಿತು, ಆಮೇಲೆ ಅಳು ಬಂತು. ಜೊತೆಗೆ ಅಂಟಿಸಿದ್ದ ಕವರಿನ ಸಿಡಿ ಪೊರೆ ಎದ್ದು ಉದುರಿತ್ತು. ಆದರೆ ನಂಬರು ಸಾಕಾಯಿತು. ತೀರಾ ಬೇಕಾದಷ್ಟನ್ನೇ ಹಚ್ಚುವ ಸೇಫ್ ಮೋಡಿನಲ್ಲಿ ಎಬ್ಬಿಸಿ ತಪ್ಪು ಡ್ರೈವರ್ ತೆಗೆದೆ, ಕಣಜದಿಂದ ಅದೇ ನಂಬರಿನದ್ದು ಹುಡುಕಿ ಹಾಕಿದೆ, ಮತ್ತೆ ಹಚ್ಚಿದೆ. ಕೆಂಪು ಗುರುತು ಹೋಯಿತು. ಫೈಲು ಒತ್ತಿದರೆ ಹಸಿರು ಗೆರೆ ಕುಣಿಯಿತು. ಸದ್ದು ಮಾತ್ರ ಇಲ್ಲ.

ನಾಲ್ಕು ಸಲ ತೆಗೆದು ನಾಲ್ಕು ಸಲ ಹಾಕಿದೆ. ಸ್ಪೀಕರ್ ಬದಲಿಸಿದೆ. ಅದರ ತಂತಿ ಯಂತ್ರದ ಹಿಂದೆ ಪೂರ್ತಿ ಕೂರುತ್ತಿರಲಿಲ್ಲ, ಹಳೇ ಯಂತ್ರ ಅಂತ ಬಿಟ್ಟೆ. ಹೆಸರಿಡುವ ದಿನ ಬೆಳಗಾಯಿತು. ಆಗಲಿಲ್ಲ ಎಂದು ಹೇಳಲು ನೀಲವ್ವರನ್ನು ಕರೆಸಿದೆ. ಅವರು ಬಂದು ಕೂಸನ್ನು ಮೈದಡವುವಂತೆ ಯಂತ್ರದ ಬೆನ್ನು ಸವರಿದರು, ಬೆರಳು ಒಂದು ಕಡೆ ನಿಂತಿತು.

"ಇಲ್ಲೆ ಗಂಧಾ ಕೂತೈತಲ್ಲವಾ," ಅಂದರು. "ಬಾಯಾಗ ಗಂಧಾ ತುಂಬಿದ್ರ ಹೆಂಗ ಮಾತಾಡೀತು?"

ನೋಡಿದರೆ ಹೌದು. ಆಯುಧ ಪೂಜೆಯಲ್ಲಿ ಯಾರೋ ಭಕ್ತಿ ಹೆಚ್ಚಾಗಿ ಹಿಂಬದಿಯಲ್ಲಿ ಸ್ಪೀಕರ್ ತಂತಿ ಸಿಕ್ಕಿಸುವ ಹಸಿರು ತೂತಿಗೂ ಗಂಧ ಕುಂಕುಮ ಮೆತ್ತಿದ್ದರು. ನಾನು ಅದನ್ನು ಮೊದಲ ದಿನವೇ ನೋಡಿದ್ದೆ. ಹಿರಿಯರ ಕೈಯ ಪೂಜೆಗುರುತು ಒರೆಸಬಾರದೆಂಬುದು ನಮ್ಮ ದನಿಮನೆಯ ರೂಢಿ, ಹಾಗಾಗಿ ಇಡೀ ಯಂತ್ರ ತೊಳೆದರೂ ಆ ಬೊಟ್ಟನ್ನು ಮುಟ್ಟಿರಲಿಲ್ಲ. ನೀಲವ್ವರೇ ಕಸಬರಿಗೆಯ ಕಡ್ಡಿ ಮುರಿದು ಕೆರೆದರು. ತಂತಿ ಟಕ್ಕೆಂದು ಕೂತಿತು. ಒತ್ತಿ ಕೇಳೋಣವೇ ಎಂದೆ. ಬೇಡ, ಕೂಸಿನ ಜೊತೆಗೇ ಕೇಳುತ್ತೇನೆ ಎಂದರು. ಅವರ ಧೈರ್ಯ ನನಗಿರಲಿಲ್ಲ.

ಯಂತ್ರವನ್ನು ಅವರ ಮನೆಗೆ ಒಯ್ದಾಗ ತೊಟ್ಟಿಲ ಮುಂದೆ ಓಣಿಯೆಲ್ಲ ಸೇರಿತ್ತು. ಕೂಸು ರಚ್ಚೆ ಹಿಡಿದಿತ್ತು. ನೀಲವ್ವ ಕಿವಿಯನ್ನು ಸ್ಪೀಕರಿಗೇ ಹಚ್ಚಿ ಕೂತರು. ನಾನು ಒತ್ತಿದೆ. ಮೊದಲು ಫ್ಯಾನಿನ ಸದ್ದು, ದೂರದಲ್ಲಿ ಒಂದು ಬಸ್ಸಿನ ಹಾರ್ನು. ಆಮೇಲೆ ಒಬ್ಬ ಹೆಣ್ಣುಮಗಳು, ಸ್ವಲ್ಪ ಅಂಜಿಕೊಂಡು, "ಹಲೋ. ಹಲೋ. ನಾ ಗಂಗವ್ವ ಹೂಗಾರ ಮಾತಾಡಾಕತ್ತೀನಿ. ಕೇಳಸ್ತೈತೇನು?" ಅಂದಳು. ಅಷ್ಟೇ. ಉತ್ತರ ಬರುವ ಮೊದಲೇ ಹನ್ನೊಂದು ಸೆಕೆಂಡು ಮುಗಿದುಹೋದವು. ಕೂಸು ಅಳು ನಿಲ್ಲಿಸಿತ್ತು. ನೀಲವ್ವ ತಲೆ ಎತ್ತಲಿಲ್ಲ, ಸ್ಪೀಕರಿಗೇ ಬಾಯಿ ತಂದು ಮಾತಾಡಿದರು.

"ಕೇಳಸ್ತೈತವ್ವಾ," ಅಂದರು. "ಕೇಳಸ್ತೈತಿ."

ಕೂಸಿಗೆ ಗಂಗಾ ಎಂದೇ ಹೆಸರಿಟ್ಟರು. ಎರವಲು ಕೊಡುತ್ತಿದ್ದ ಪಕ್ಕದ ಮನೆಯವರು ನಮ್ಮೆಲ್ಲರಿಗಿಂತ ಹೆಚ್ಚು ಅತ್ತರು.

ಪೀರಸಾಬರೇ, ಈ ಕಾಗದ ನಿಮಗೆ ಮುಟ್ಟುವುದು ಹೇಗೆಂದು ನನಗೆ ತಿಳಿಯದು. ಮುಟ್ಟಿದರೆ ಎರಡು ಬೇಡಿಕೆ. ಸೌಂಡ್ ಸರಿಮಾಡಿದ ಮೇಲೆ ಟೆಸ್ಟ್ ಮಾಡಿದ್ದನ್ನು ಅಳಿಸಬೇಡಿ, ಎಷ್ಟೇ ಸಣ್ಣದಿರಲಿ. ಇನ್ನೊಂದು, ಗಂಗವ್ವ ನಿಮ್ಮ ಅಂಗಡಿಗೆ ಮತ್ತೆ ಬಂದೇ ಬರುತ್ತಾರೆ, ನಿಮ್ಮ ಕಾಲದ ಯಂತ್ರಗಳು ಅಷ್ಟು ದಿನ ಸುಮ್ಮನಿರುವುದಿಲ್ಲ. ನೀವು ಸೌಂಡ್ ಸರಿಮಾಡಿದ ದಿನ ಟೆಸ್ಟಿಗೆಂದು ಮೈಕಿನ ಮುಂದೆ ಅವರು ಕೇಳಿದ್ದಕ್ಕೆ ನೀವು ತಲೆ ಆಡಿಸಿದ್ದಿರೇನೋ, ಆದರೆ ಬಾಯಿಬಿಟ್ಟು ಉತ್ತರ ಕೊಡಲಿಲ್ಲ. ಈಗ ಹೇಳಿಬಿಡಿ. ಕೇಳಸ್ತೈತಿ ಅಂತ.